ಬೀಳಬೇಕಾಗಿದ್ದ ಮನೆ

ನಮ್ಮ ಮಾವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಹೊಸ್ತಿಲು ದಾಟಿದವರೇ ಬೆರಳ ಗೆಣ್ಣಿನಿಂದ ಗೋಡೆಗೆ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಮನೆಯವರ ಕಡೆ ತಿರುಗಿ "ಚೆನ್ನಾಗಿದ್ದೀರಾ" ಎನ್ನುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಬಂದಾಗಲೂ ಅಷ್ಟೇ. ನಾನು ಒಳಗಿನಿಂದ ಹೊರಗೆ ಬರುವಷ್ಟರಲ್ಲಿ ಅವರು ನಮ್ಮಪ್ಪನ ಮನೆಯ ಅರ್ಧ ಗೋಡೆಗಳನ್ನು ವಿಚಾರಿಸಿಕೊಂಡಾಗಿತ್ತು. ವಾಪಸು ಹೋಗುವಾಗ ದಾರಿಯಲ್ಲಿ ಅತ್ತೆ "ಹುಡುಗಿ ಹೇಗೆ?" ಎಂದು ಕೇಳಿದ್ದಕ್ಕೆ, "ಗೋಡೆ ಗಟ್ಟಿ ಇದೆ, ಮಾಡು ಸ್ವಲ್ಪ ಸೋರುತ್ತೆ" ಎಂದರಂತೆ. ಇದನ್ನು ಅತ್ತೆ ನನಗೆ ಹೇಳಿದ್ದು ಮದುವೆಯಾದ ಮೇಲೆ. ಮೊದಲೇ ಹೇಳಿದ್ದರೆ ನಾನೂ ಸ್ವಲ್ಪ ಯೋಚನೆ ಮಾಡುತ್ತಿದ್ದೆ.

ಮಾವ ಗಾರೆ ಮೇಸ್ತ್ರಿ. ಕರಣೆ ಹಿಡಿದರೆ ಕೈ ನಡುಗದ ಮನುಷ್ಯ. ಆದರೆ ಬೀದಿಯಲ್ಲಿ ಅವರನ್ನು ಯಾರೂ ಮೇಸ್ತ್ರಿ ಅನ್ನುತ್ತಿರಲಿಲ್ಲ, 'ಬಿದ್ದಗೋಡೆ' ಅನ್ನುತ್ತಿದ್ದರು. ಹೆಸರಿಟ್ಟವನು ಎದುರು ಮನೆಯ ದರ್ಜಿ. ಬಟ್ಟೆಗೆ ಅಳತೆ ತಪ್ಪಿದರೂ ಅಡ್ಡಹೆಸರಿಗೆ ಅವನ ಅಳತೆ ತಪ್ಪುತ್ತಿರಲಿಲ್ಲ.

ಆಗಿದ್ದು ಇಷ್ಟು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರಲ್ಲ, ಮಾವ ಎರಡನ್ನೂ ಒಂದೇ ವರ್ಷ ಮಾಡಿ ನೋಡಿದವರು. ಮಗನಿಗೆ ಮದುವೆ ಗೊತ್ತಾದ ಕೂಡಲೇ, ಕೆಳಗಿನ ಕೋಣೆ ಅವರಿಗಿರಲಿ, ನಾನೂ ಇವಳೂ ಮೇಲೆ ಹೋಗೋಣ ಎಂದು ತಾರಸಿಯ ಮೇಲೆ ಒಂದು ಕೋಣೆ ಎಬ್ಬಿಸಿದರು. ಆಳಿಲ್ಲ, ಕಾಳಿಲ್ಲ, ಇಟ್ಟಿಗೆ ಹೊತ್ತದ್ದೂ ಅವರೇ, ಗಿಲಾವು ಮಾಡಿದ್ದೂ ಅವರೇ. ಅತ್ತೆಗೂ ಸಂಭ್ರಮ. ಮೇಲಿನ ಮಂಚಕ್ಕೆಂದೇ ಕೆಂಪು ಹೂವಿನ ಒಂದು ಹೊಸ ಹೊದಿಕೆ ತಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟರು. ಅವರು ಮೇಲೆ ಹೋಗಬೇಕಾಗಿದ್ದ ವಾರದಲ್ಲೇ, ಮಾವ ಕಟ್ಟಿದ್ದ ಶಾಲೆಯ ಆವರಣದ ಗೋಡೆ ಹಾಡಹಗಲೇ ಬಿದ್ದುಹೋಯಿತು. ಯಾರಿಗೂ ಏನೂ ಆಗಲಿಲ್ಲ, ಹೆಡ್ಮಾಸ್ತರರ ಸೈಕಲ್ ಒಂದು ಚಪ್ಪಟೆಯಾಯಿತು. ಯಾಕೆ ಬಿತ್ತು ಎನ್ನುವುದಕ್ಕೆ ಊರಲ್ಲಿ ಎಷ್ಟು ಬಾಯಿಯೋ ಅಷ್ಟು ಕಾರಣ. ಮರಳಿನ ಲಾರಿ ಹಿಂದಕ್ಕೆ ಬಂದು ತಾಗಿತು ಎಂದು ಮಾವ. ತಾಗಲೇ ಇಲ್ಲ, ಗೋಡೆಯೇ ಲಾರಿಗೆ ಒರಗಲು ಬಂತು ಎಂದು ಡ್ರೈವರು. ನಿಜ ಏನೆಂದು ಇವತ್ತಿಗೂ ಗೊತ್ತಿಲ್ಲ.

ಅತ್ತೆ ಕಾರಣ ಗೀರಣ ಕೇಳಲಿಲ್ಲ. ತಮ್ಮ ಹಾಸಿಗೆ ಸುತ್ತಿಕೊಂಡು ಅಡುಗೆಮನೆಯ ಪಕ್ಕದ ಮೊಗಸಾಲೆಗೆ ಹೋಗಿ ಹಾಸಿಕೊಂಡರು. ಕೆಳಗಿನ ಮನೆ ಅವರಪ್ಪ ಕಟ್ಟಿಸಿದ್ದು.

"ನಮ್ಮಪ್ಪನ ಗೋಡೆ ಇಷ್ಟು ವರ್ಷ ನಿಂತಿದೆ, ನಾನು ಸಾಯೋ ತನಕ ನಿಲ್ಲುತ್ತೆ. ನೀವು ಬೇಕಾದ್ರೆ ಮೇಲೆ ಹೋಗಿ ಮಲಗಿ" ಎಂದುಬಿಟ್ಟರು.

ಮಾವನೂ ಹಟಮಾರಿಯೇ. ನಾನು ಕಟ್ಟಿದ ಕೋಣೆಯಲ್ಲಿ ನಾನೇ ಮಲಗದಿದ್ದರೆ ಇನ್ಯಾರು ಮಲಗುತ್ತಾರೆ ಎಂದು ಒಬ್ಬರೇ ಮೇಲೆ ಹೋದರು. ಆದರೆ ಎಷ್ಟೋ ವರ್ಷ ಪಕ್ಕಪಕ್ಕದಲ್ಲಿ ಮಲಗಿ ಹರಟಿದ ಗಂಡ ಹೆಂಡತಿ, ಮಾತು ಬಿಡುವುದು ಹೇಗೆ? ಮೆಟ್ಟಿಲಿನ ಮೂಲಕ ಮಾತಾಡಲು ಶುರು ಮಾಡಿದರು. ಮೇಲಿಂದ ಒಂದು ಕೂಗು, ಕೆಳಗಿಂದ ಒಂದು ಉತ್ತರ. ಮಧ್ಯದ ಕೋಣೆಯಲ್ಲಿ ನಾವು, ಹೊಸದಾಗಿ ಮದುವೆಯಾದವರು. ನೀರಿನ ನಲ್ಲಿ ಸೋರುವುದರಿಂದ ಹಿಡಿದು ನನ್ನ ಗಂಡ ಚಿಕ್ಕವನಿದ್ದಾಗ ಯಾವಾಗ ಎಲ್ಲಿ ಒದ್ದೆ ಮಾಡಿಕೊಂಡ ಎನ್ನುವವರೆಗೆ ಎಲ್ಲವೂ ನಮ್ಮ ತಲೆಯ ಮೇಲಿಂದಲೇ ಹಾದುಹೋಗಬೇಕು. ಗೋಡೆಗೂ ಕಿವಿಯಿದೆ ಅಂತಾರೆ. ನಮ್ಮನೆಯ ಗೋಡೆಗೆ ಕಿವಿಯಿದ್ದಿದ್ದರೆ ಅದು ಹತ್ತಿ ಇಟ್ಟುಕೊಳ್ಳುತ್ತಿತ್ತು.

ದಿನವೂ ಆ ಮಾತುಕತೆ ಮುಗಿಯುತ್ತಿದ್ದದ್ದು ಒಂದೇ ರೀತಿ.

"ಲೇ, ಮೇಲೆ ಬಾರೇ. ಗಾಳಿ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ?"

"ಬರುತ್ತೆ, ಬರುತ್ತೆ. ಬಿರುಕು ಎಲ್ಲಿದೆ ನೋಡಿಕೊಳ್ಳಿ."

ನಗುತ್ತಲೇ ಹೇಳುತ್ತಿದ್ದರು, ಆದರೆ ಒಂದು ದಿನವೂ ಮೆಟ್ಟಿಲು ಹತ್ತಲಿಲ್ಲ. ಮಾವನಿಗೆ ಊರಿನವರು ಬಿದ್ದಗೋಡೆ ಎಂದರೆ ಅಷ್ಟು ಬೇಸರವಿರಲಿಲ್ಲ. ಹೆಂಡತಿ ಮೇಲೆ ಬರುವುದಿಲ್ಲವಲ್ಲ, ಅದೊಂದೇ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಕೆಲಸವೂ ಕಡಿಮೆಯಾಯಿತು. ಗೋಡೆ ಕಟ್ಟಲು ಯಾರೂ ಕರೆಯುತ್ತಿರಲಿಲ್ಲ. ಕರೆದರೆ ನೆಲಕ್ಕೆ ಸಿಮೆಂಟು ಬಳಿಯಲು, ಚರಂಡಿ ಕಟ್ಟಲು, ಒಗೆಯುವ ಕಲ್ಲು ಕೂರಿಸಲು. ಒಟ್ಟಿನಲ್ಲಿ ಬೀಳುವುದಕ್ಕೆ ಜಾಗವೇ ಇಲ್ಲದ ಕೆಲಸ.

ಹಾಗಿರುವಾಗ ಚಲನಚಿತ್ರದವರು ಬಂದರು. ಬೀದಿಯ ತುದಿಯಲ್ಲಿ ಒಂದು ಹಳೆಯ ಗೋದಾಮಿತ್ತು, ಅದನ್ನು ಬಾಡಿಗೆಗೆ ಹಿಡಿದರು. ಒಂದು ಇಡೀ ನಗರ ಭೂಕಂಪದಲ್ಲಿ ನೆಲಸಮವಾಗುವ ಕಥೆಯಂತೆ. ನಿಜವಾದ ನಗರವನ್ನು ಬೀಳಿಸಲು ಯಾರು ಬಿಡುತ್ತಾರೆ? ಹಾಗಾಗಿ ಮೊಣಕಾಲೆತ್ತರದ ಒಂದು ನಗರ ಕಟ್ಟಬೇಕು, ಅದನ್ನು ಲಾರಿಯ ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂರಿಸಿದ ದೊಡ್ಡ ಅಟ್ಟಣೆಯ ಮೇಲಿಟ್ಟು ನಡುಗಿಸಬೇಕು, ಅದು ಬೀಳುವುದನ್ನು ಕ್ಯಾಮೆರಾ ಹಿಡಿಯಬೇಕು. ನಿರ್ದೇಶಕರು ದರ್ಜಿ ಅಂಗಡಿಯ ಮುಂದೆ ನಿಂತು, "ಇಲ್ಲಿ ಸುಲಭವಾಗಿ ಬೀಳೋ ಹಾಗೆ ಕಟ್ಟೋರು ಯಾರಾದರೂ ಇದ್ದಾರಾ?" ಎಂದು ಕೇಳಿದರಂತೆ. ದರ್ಜಿ ಸೂಜಿ ಬಾಯಲ್ಲಿಟ್ಟುಕೊಂಡೇ ನಮ್ಮ ಮನೆಯ ಕಡೆ ಕೈ ತೋರಿಸಿದ.

ಗಾಯದ ಮೇಲೆ ಬರೆ ಅಂದರೆ ಇದು. ಮಾವ ಬಾಗಿಲಲ್ಲಿ ನಿಂತು ನಿರ್ದೇಶಕರ ಮಾತನ್ನು ಪೂರ್ತಿ ಕೇಳಿದರು. ಮುಖ ಕೆಂಪಾಯಿತು. ಈಗ ಬೈದು ಕಳಿಸುತ್ತಾರೆ ಅಂದುಕೊಂಡೆ. ಆದರೆ ಅವರು ಗೋಡೆಗೆ ಎರಡು ಬಾರಿ ಬಡಿದು, "ಇಡೀ ನಗರಾನಾ ಸಾರ್?" ಎಂದರು.

"ಇಡೀ ನಗರ. ಬ್ಯಾಂಕು, ಆಸ್ಪತ್ರೆ, ಗಡಿಯಾರದ ಗೋಪುರ, ಸೇತುವೆ, ಬೀದಿಗಳು."

"ಮಾಡ್ತೀನಿ."

ಗೋಡೆ ಕಟ್ಟದೆ ಕೈ ತುಕ್ಕು ಹಿಡಿಯುತ್ತಿದ್ದ ಮನುಷ್ಯನಿಗೆ ಒಂದು ನಗರವನ್ನೇ ಕೊಟ್ಟರೆ ಬೇಡ ಅನ್ನುತ್ತಾನೆಯೇ? ಬೀಳಿಸಲಿಕ್ಕೇ ಆದರೂ ಏನಾಯಿತು, ಮೊದಲು ಕಟ್ಟಬೇಕಲ್ಲ.

ನನ್ನನ್ನೂ ಕೆಲಸಕ್ಕೆ ಹಚ್ಚಿಕೊಂಡರು. ಕಿಟಕಿ ಕತ್ತರಿಸುವುದು, ಪರದೆ ಬರೆಯುವುದು, ತಾರಸಿಗಳ ಮೇಲೆ ದಾರ ಕಟ್ಟಿ ಕರವಸ್ತ್ರದ ಚೂರುಗಳನ್ನು ಒಣಹಾಕುವುದು ನನ್ನ ಕೆಲಸ. ಮಾವ ಸುಣ್ಣಕ್ಕೆ ಬೂದಿ ಬೆರೆಸಿ, ಮರದ ಹೊಟ್ಟು ಹಾಕಿ, ಬಿಸ್ಕತ್ತಿನ ಹಾಗೆ ಮುರಿಯುವ ಗೋಡೆ ಎರಕ ಹೊಯ್ಯುತ್ತಿದ್ದರು. ಪ್ರತಿ ಮನೆಯ ಅಡಿಗೂ ಒಂದು ಹಲಗೆ. ಮನೆ ಬೀಳುವಾಗ ಕೆಳಗಿನಿಂದ ಧೂಳು ಊದಬೇಕೆಂದು ಹಲಗೆಯ ನಡುವೆ ತಂಬಿಗೆ ಹಿಡಿಸುವಷ್ಟು ತೂತು. ಪ್ರತಿ ನಮೂನೆಯಲ್ಲಿ ಎರಡೆರಡು ಮಾಡುತ್ತಿದ್ದರು, ಒಂದು ಪರೀಕ್ಷೆಗೆ, ಇನ್ನೊಂದು ಚಿತ್ರಕ್ಕೆ. ಪರೀಕ್ಷೆಯದನ್ನು ಅಲುಗಾಡಿಸಿ ಬೀಳಿಸಿ, ಬಿದ್ದ ರೀತಿ ನೋಡಿ, ತಲೆಯಾಡಿಸಿ ಮುಂದಿನದಕ್ಕೆ ಹೋಗುತ್ತಿದ್ದರು.

"ನಿಲ್ಲೋ ಹಾಗೆ ಕಟ್ಟೋದು ಸುಲಭಮ್ಮ" ಎಂದರು ಒಂದು ದಿನ. "ಒಂದು ಕ್ಷಣ ನಿಂತು, ಹೇಳಿದಾಗ ಬೀಳೋ ಹಾಗೆ ಕಟ್ಟೋದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು."

ಬೀದಿಗೆ ಸುದ್ದಿ ಹಬ್ಬಿದ್ದೇ ತಡ, ನಿನ್ನೆಯವರೆಗೆ ಬಿದ್ದಗೋಡೆ ಎನ್ನುತ್ತಿದ್ದವರೆಲ್ಲ ಮೇಸ್ತ್ರಿ, ಮೇಸ್ತ್ರಿ ಎನ್ನುತ್ತ ಗೋದಾಮಿನ ಬಾಗಿಲಿಗೆ ಬಂದರು. ಔಷಧಿ ಅಂಗಡಿಯವರು ತಮ್ಮ ಅಂಗಡಿಯೂ ನಗರದಲ್ಲಿರಲಿ ಎಂದರು. ಅದಾಗಿ ಎರಡು ದಿನಕ್ಕೆ ಮತ್ತೆ ಬಂದು, ಹೇಗೂ ಬೀಳುವುದಾದರೆ ಪಕ್ಕದ ಪಾತ್ರೆ ಅಂಗಡಿ ಬಿದ್ದ ಮೇಲೆ ಬೀಳಲಿ ಎಂದು ಗುಟ್ಟಾಗಿ ಕೇಳಿಕೊಂಡರು. ಪಾತ್ರೆ ಅಂಗಡಿಯವರದೂ ಅದೇ ಕೋರಿಕೆ, ತಲೆಕೆಳಗಾಗಿ. ದರ್ಜಿಯೂ ಹಲ್ಲು ಕಿರಿಯುತ್ತ ಬಂದ.

"ಮೇಸ್ತ್ರಿ, ನಂದು ಮಾತ್ರ ಬೋರ್ಡ್ ಸಮೇತ ಇರ್ಲಿ. ಬೋರ್ಡ್ ಕಾಣಬೇಕು."

"ಕಾಣುತ್ತೆ, ಚೆನ್ನಾಗಿ ಕಾಣುತ್ತೆ" ಎಂದರು ಮಾವ. ಅವನು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ, "ಅವನ ಅಂಗಡಿಗೆ ಇನ್ನೂ ಒಂದು ಹಿಡಿ ಬೂದಿ ಹಾಕು. ಎಲ್ಲಕ್ಕಿಂತ ಮೊದಲು ಅದೇ ಬೀಳಲಿ" ಎಂದರು. ನಾನು ಎರಡು ಹಿಡಿ ಹಾಕಿದೆ.

ಕೊನೆಗೆ ಉಳಿದದ್ದು ಕ್ಯಾಮೆರಾದ ಮುಂದೆಯೇ ಬರುವ ಒಂದು ಮನೆ. ನಾಯಕ ಅಗ್ನಿಶಾಮಕ ದಳದವನು. ಅವನ ತಾಯಿ ಆ ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿರುತ್ತಾಳೆ. ಊರೆಲ್ಲ ಬಿದ್ದ ಮೇಲೆ ಕೊನೆಯದಾಗಿ ಅದು ಬೀಳಬೇಕು, ನಾಯಕ ಓಡಿ ಬಂದು ಅಳಬೇಕು. ಸಾಧಾರಣ ಮನೆ ಸಾಕು, ಹೊರಗಡೆ ಮೆಟ್ಟಿಲು, ಮೇಲೊಂದು ಕೋಣೆ ಇರಲಿ ಎಂದರು ನಿರ್ದೇಶಕರು. ಮಾವನ ಕೈಗೆ ಅಂಥ ಮನೆ ಗೊತ್ತಿದ್ದದ್ದು ಒಂದೇ. ನಮ್ಮದೇ ಮನೆ ಎದ್ದುನಿಂತಿತು. ಅದೇ ಮೆಟ್ಟಿಲು, ಅದೇ ಮೇಲಿನ ಕೋಣೆ, ಸೋರುವ ನಲ್ಲಿಯೂ ಸೇರಿ. ನಿರ್ದೇಶಕರು ಬಗ್ಗಿ ನೋಡಿ, "ಇದು ಬಿದ್ದರೆ ನೋಡೋರ ಕರುಳು ಕಿತ್ತುಬರಬೇಕು" ಎಂದು ಬೆನ್ನು ತಟ್ಟಿದರು. ಮಾವ ನಗಲಿಲ್ಲ. ಪರೀಕ್ಷೆಗೆಂದು ಮಾಡಿದ್ದನ್ನು ಅಲುಗಾಡಿಸಿದರು. ಮೇಲಿನ ಕೋಣೆ ಮೊದಲು ಕುಸಿದು, ಆಮೇಲೆ ಮನೆ ಕುಸಿಯಿತು. ಹೇಗೆ ಬೇಕೋ ಹಾಗೇ. ಅವತ್ತು ಅವರು ಬುತ್ತಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬುತ್ತಿ ತರುತ್ತಿದ್ದವರು ಅತ್ತೆ. ನಾವು ಗೋದಾಮಿನ ಹೊರಗೆ ನೆರಳಲ್ಲಿ ಕೂತು ಉಣ್ಣುವಾಗ ಅವರು ಒಳಗೆ ಹೋಗಿ, ಸಾಲಾಗಿ ಒಣಗಲು ಇಟ್ಟ ನಗರವನ್ನು ನೋಡಿ ಬರುತ್ತಿದ್ದರು. ತಮ್ಮ ಮನೆಯನ್ನು ಕಂಡ ದಿನ ಸೊಂಟದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದರು.

"ಇದೂ ಬೀಳುತ್ತಾ?"

"ಎಲ್ಲಕ್ಕಿಂತ ಕೊನೇಲಿ" ಎಂದೆ ನಾನು. "ದೇಶವೆಲ್ಲ ನೋಡುತ್ತೆ ಅತ್ತೆ."

"ಬೀಳಲಿ ಬಿಡು. ಅದೇನು ಹೊಸದಾ?" ಎಂದು ಮೂತಿ ತಿರುವಿ ಹೋದರು. ಮಾರನೆಯ ದಿನದಿಂದ ಬುತ್ತಿಯ ಜೊತೆ ಒಂದು ಪೊರಕೆಯೂ ಬರತೊಡಗಿತು. ಈ ಧೂಳಿನಲ್ಲಿ ಉಸಿರಾಡುವುದಾದರೂ ಹೇಗೆ ಎಂದು ಬೈಯುತ್ತ, ನಾವು ಉಣ್ಣುವಷ್ಟು ಹೊತ್ತೂ ಒಳಗೆ ಗುಡಿಸುತ್ತಿದ್ದರು.

ಅದೇ ವಾರ ನಮ್ಮ ಅಡುಗೆಮನೆಯ ಕುಟ್ಟಾಣಿ ಕಳೆದುಹೋಯಿತು. ಅತ್ತೆಯ ತಾಯಿ ಕೊಟ್ಟ ಕಬ್ಬಿಣದ ಕುಟ್ಟಾಣಿ, ಎತ್ತಿದರೆ ಮಣಿಕಟ್ಟು ನೋಯುವಂಥದ್ದು. ನಾನು ಮೆಣಸು ಕುಟ್ಟಲು ಕೈಹಾಕಿದರೆ ಜಾಗ ಖಾಲಿ. ಅತ್ತೆಯನ್ನು ಕೇಳಿದೆ.

"ನನ್ನನ್ನು ಕೇಳ್ತೀಯಾ? ಅಡುಗೆಮನೆ ನಿನ್ನ ಕೈಗೆ ಕೊಟ್ಟ ಮೇಲೆ ಒಂದು ಸಾಮಾನೂ ನೆಟ್ಟಗಿಲ್ಲ. ನಮ್ಮಮ್ಮನ ಕುಟ್ಟಾಣಿ. ಎಲ್ಲಿ ಮರೆತು ಇಟ್ಟೆಯೋ, ಯಾರಿಗೆ ಕೊಟ್ಟೆಯೋ."

ನಾನು ಮಂಚದಡಿ, ಸೌದೆಯ ರಾಶಿ, ಹಿತ್ತಲು ಎಲ್ಲ ಹುಡುಕಿದೆ. ನೆರೆಮನೆಯವರನ್ನೂ ಕೇಳಿ ಬಂದೆ. ಸಾಲದ್ದಕ್ಕೆ ಬಂದವರಿಗೆಲ್ಲ ಅತ್ತೆ, "ನನ್ನ ಸೊಸೆ ಕುಟ್ಟಾಣಿಯನ್ನೇ ನುಂಗಿದವಳು" ಎಂದು ಪರಿಚಯಿಸುತ್ತಿದ್ದರು. ನನಗೆ ಅಳುವೇ ಬಂದಿತ್ತು. ಮೆಣಸನ್ನು ಕಲ್ಲಿನಿಂದ ಜಜ್ಜಿ ಹಾಕುವುದು ರೂಢಿಯಾಯಿತು.

ಚಿತ್ರೀಕರಣದ ಹಿಂದಿನ ದಿನ ಮನೆಗಳನ್ನೆಲ್ಲ ಅಟ್ಟಣೆಗೆ ಸಾಗಿಸಿದರು. ನಮ್ಮ ಮನೆ ಎತ್ತುವಾಗ ಆಳುಗಳು ತಿಣುಕಿದರು.

"ಇದೇನು ಮೇಸ್ತ್ರಿ, ಸೀಸ ತುಂಬಿದ್ದೀರಾ?"

ಮಾವ ಹೊರಗೋಡೆ ಬಡಿದು ನೋಡಿ ಹುಬ್ಬು ಗಂಟಿಕ್ಕಿದರು. "ಒಳಗೆ ಇನ್ನೂ ಹಸಿ ಇದೆ ಅನ್ನಿಸುತ್ತೆ. ಪರವಾಗಿಲ್ಲ, ಹಸಿ ಇದ್ದರೂ ಬೀಳುತ್ತೆ" ಎಂದರು.

ಮರುದಿನ ಬೆಳಿಗ್ಗೆ ಗೋದಾಮಿನ ತುಂಬ ದೀಪ. ಅಟ್ಟಣೆಯ ಎರಡೂ ಕಡೆ ಗಟ್ಟಿಮುಟ್ಟಾದ ಆಳುಗಳು. ನಿರ್ದೇಶಕರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಇರೋದು ಒಂದೇ ನಗರ. ತಪ್ಪಿದರೆ ಇನ್ನೊಂದಿಲ್ಲ." ಮಾವ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ಕ್ಯಾಮೆರಾ ತಿರುಗಿತು, ಆಳುಗಳು ಅಟ್ಟಣೆಯನ್ನು ಹಿಡಿದು ನಡುಗಿಸಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲು ಬಿದ್ದದ್ದು ದರ್ಜಿ ಅಂಗಡಿ, ಬೋರ್ಡ್ ಸಮೇತ. ಆಮೇಲೆ ಬ್ಯಾಂಕು, ಅದರ ಮೇಲೆ ಗಡಿಯಾರದ ಗೋಪುರ. ಔಷಧಿ ಅಂಗಡಿಯೂ ಪಾತ್ರೆ ಅಂಗಡಿಯೂ ಒಬ್ಬರಿಗೊಬ್ಬರು ಮೋಸ ಮಾಡದೆ ಒಟ್ಟಿಗೆ ಬಿದ್ದವು. ಸೇತುವೆ ನಡು ಮುರಿದು ಮಲಗಿತು. ಬೀದಿ ಬೀದಿಯೇ ಮಡಚಿಕೊಂಡು ಹೋಯಿತು. ಅದು ಬೀಳುವ ಚಂದ ನೋಡಿ ನನಗೆ ಮೈ ಜುಂ ಎಂದಿತು. ಧೂಳು ಎದ್ದು ಏನೂ ಕಾಣದಾಯಿತು. ಆಳುಗಳು ಇನ್ನೂ ನಡುಗಿಸುತ್ತಲೇ ಇದ್ದರು, ಬೆವರು ಸುರಿಸುತ್ತ.

ಧೂಳು ಇಳಿಯಿತು. ಹಾಳಾದ ನಗರದ ನಡುವೆ ನಮ್ಮ ಮನೆ ನಿಂತಿತ್ತು. ಮೆಟ್ಟಿಲು ಇತ್ತು, ಮೇಲಿನ ಕೋಣೆ ಇತ್ತು, ತಾರಸಿಯ ದಾರದ ಮೇಲೆ ನಾನು ಒಣಹಾಕಿದ್ದ ಕರವಸ್ತ್ರದ ಚೂರೂ ಇತ್ತು.

ನಿರ್ದೇಶಕರು ಮನೆಯನ್ನು ನೋಡಿದರು, ಮಾವನನ್ನು ನೋಡಿದರು.

"ರೀ ಮೇಸ್ತ್ರಿ, ಏನ್ರೀ ಇದು?"

ಆಗ ಕ್ಯಾಮೆರಾ ಹಿಡಿದವರು ಕಿಸಕ್ಕನೆ ನಕ್ಕು, "ಸಾರ್, ತುಂಬ ಚೆನ್ನಾಗಿ ಬಂದಿದೆ. ಹೀಗೇ ಇರ್ಲಿ. ಅಮ್ಮನ್ನ ಬದುಕಿಸಿಬಿಡಿ" ಎಂದರು. ನಿರ್ದೇಶಕರು ತಲೆ ಕೆರೆದುಕೊಂಡು ಕಥೆಯನ್ನೇ ತಿದ್ದಿದರು. ಸಾಯಬೇಕಾಗಿದ್ದ ತಾಯಿಯ ಪಾತ್ರದ ನಟಿಗೆ ಬಹಳ ಖುಷಿಯಾಯಿತಂತೆ, ಪಾಪ.

ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನನ್ನು ಮೆಲ್ಲಗೆ ಕೇಳಿದರು, "ಬಿತ್ತಾ?"

"ಎಲ್ಲ ಬಿತ್ತು. ನಮ್ಮನೆ ಒಂದು ಬಿಟ್ಟು."

"ಓ" ಎಂದು ಬುತ್ತಿಯ ಮುಚ್ಚಳ ಸರಿಮಾಡಿಕೊಂಡರು. ಬೇರೆ ದಿನವಾಗಿದ್ದರೆ ಗಂಡನನ್ನು ಒಂದು ವಾರ ಆಡಿಕೊಳ್ಳುವಷ್ಟು ಸರಕಿತ್ತು. ಅವತ್ತು ಒಂದು ಮಾತೂ ಆಡಲಿಲ್ಲ.

ಚಿತ್ರದವರು ಪಾರಾದರು, ಮಾವ ಪಾರಾಗಲಿಲ್ಲ. ಮನೆಗೆ ಬಂದವರೇ ಕರಣೆಯನ್ನು ತೊಳೆದು ಮೊಳೆಗೆ ನೇತುಹಾಕಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ತಮ್ಮ ಎರಡು ಕೈಗಳೇ ಹಾಗೆ ಎಂದು ಅವರ ಲೆಕ್ಕ.

"ನಿಲ್ಲು ಅಂತ ಕಟ್ಟಿದ್ದು ಬಿತ್ತು, ಬೀಳು ಅಂತ ಕಟ್ಟಿದ್ದು ನಿಂತಿತು. ನಾನು ಮೇಸ್ತ್ರಿಯೇ ಅಲ್ಲಮ್ಮ. ನನ್ನ ಕೈಯಲ್ಲಿ ಏನಾಗುತ್ತೋ ನನಗೇ ಗೊತ್ತಿಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ಅವತ್ತು ಸಂಜೆ ಮೇಲಿನ ಕೋಣೆಗೆ ಹೋಗಿ, ಗೋಡೆಗೆ ಕಿವಿಯಿಟ್ಟು ಬಡಿದು ಬಡಿದು ಕೇಳಿ, ಹಾಸಿಗೆ ಸುತ್ತಿಕೊಂಡು ಕೆಳಗೆ ಇಳಿದುಬಂದರು. ಜಗಲಿಯಲ್ಲಿ ಹಾಸಿಕೊಂಡರು. ತಾನು ಕಟ್ಟಿದ ಕೋಣೆ ತನಗೇ ಭಯ.

ಇಷ್ಟು ಕಾಲ ಇದನ್ನೇ ಹೇಳುತ್ತಿದ್ದ ಅತ್ತೆ ಗೆದ್ದೆ ಎಂದು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ.

"ಮೇಲೆ ಹೋಗಿ ಮಲಗಿ. ಅಲ್ಲಿ ಗಾಳಿ ಚೆನ್ನಾಗಿರುತ್ತೆ ಅಂತ ನೀವೇ ಹೇಳ್ತಿದ್ರಿ."

"ಬೇಡ. ನೀನು ಹೇಳಿದ್ದೇ ಸರಿ."

ಮದುವೆಯಾದಾಗಿನಿಂದ ಅತ್ತೆ ಕಾಯುತ್ತಿದ್ದ ಮಾತು ಅದು. ಕೊನೆಗೂ ಬಂದಾಗ ಅವರ ಮುಖ ಸಪ್ಪಗಾಯಿತು. ಈಗ ಮೆಟ್ಟಿಲಿನ ಮಾತುಕತೆಯೂ ನಿಂತಿತು. ನಾವಿಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಆದರೆ ಆ ಮೌನಕ್ಕೆ ನಿದ್ದೆಯೇ ಬರುತ್ತಿರಲಿಲ್ಲ.

ತಿಂಗಳುಗಳ ಮೇಲೆ ಚಿತ್ರ ಬಿಡುಗಡೆಯಾಯಿತು. ಬೀದಿಯೇ ಚಿತ್ರಮಂದಿರಕ್ಕೆ ಹೋಯಿತು. ಮಾವನನ್ನು ಎಳೆದುಕೊಂಡು ಹೋಗಬೇಕಾಯಿತು. ಒಳಗೆ ಹೋದವರು ಗೋಡೆ ಬಡಿಯಲೂ ಇಲ್ಲ, ಸುಮ್ಮನೆ ಕೂತರು. ತೆರೆಯ ಮೇಲೆ ದರ್ಜಿ ಅಂಗಡಿ ಪುಡಿಯಾದಾಗ ದರ್ಜಿ ಎದ್ದು ನಿಂತು, "ನಂದು, ನಂದು, ಎಲ್ಲಕ್ಕಿಂತ ಮೊದಲು ನಂದೇ" ಎಂದು ಸುತ್ತಲಿದ್ದವರಿಗೆಲ್ಲ ಹೇಳಿದ. ನಮ್ಮ ಸೇಡು ಹೀಗೆ ಅವನಿಗೆ ಸನ್ಮಾನವಾಯಿತು. ಧೂಳು ಇಳಿದು ನಮ್ಮ ಮನೆ ಕಂಡಾಗ ಚಿತ್ರಮಂದಿರವೇ ಎದ್ದು ಚಪ್ಪಾಳೆ ಹೊಡೆಯಿತು. ನಾಯಕ ಬಿಕ್ಕುತ್ತ ಓಡಿ ಬಂದರೆ, ತಾಯಿ ಬಾಗಿಲು ತೆರೆದು, ಬಟ್ಟೆಯ ಧೂಳು ಕೊಡವುತ್ತ, "ಯಾಕೋ ಇಷ್ಟು ಹೊತ್ತು ಮಾಡಿದೆ?" ಅನ್ನುತ್ತಾಳೆ. ಆ ಒಂದು ಮಾತಿಗೆ ಜನ ಮತ್ತೆ ಮತ್ತೆ ಬಂದರು. ಇವತ್ತಿಗೂ ಹಳೆಯ ಅಪರೂಪದ ಚಿತ್ರ ಎಂದು ಟೀವಿಯಲ್ಲಿ ಆಗಾಗ ಹಾಕುತ್ತಾರೆ.

ಅಷ್ಟು ಚಪ್ಪಾಳೆಯಲ್ಲಿ ಮಾವ ಒಬ್ಬರೇ ತಲೆ ತಗ್ಗಿಸಿ ಕೂತಿದ್ದರು. "ಅದು ಬೀಳಬೇಕಿತ್ತು" ಎಂದರು ನನ್ನ ಕಿವಿಯಲ್ಲಿ. ಅವರ ಆ ಕಡೆ ಕೂತಿದ್ದ ಅತ್ತೆಗೂ ಅದು ಕೇಳಿಸಿತು.

ಚಿತ್ರ ಗೆದ್ದ ಖುಷಿಗೆ ನಿರ್ದೇಶಕರು ಆ ಪುಟ್ಟ ಮನೆಯನ್ನು ನೆನಪಿಗಿರಲಿ ಎಂದು ನಮ್ಮ ಮನೆಗೆ ಕಳಿಸಿಕೊಟ್ಟರು. ಇಬ್ಬರು ಆಳುಗಳು ಏದುಸಿರು ಬಿಡುತ್ತ ತಂದು ಜಗಲಿಯಲ್ಲಿಟ್ಟರು. ಇಷ್ಟು ಕಾಲವಾದರೂ ಹಸಿ ಆರಿಲ್ಲವೇ ಎಂದುಕೊಂಡೆ. ಮಾವ ಅದಕ್ಕೆ ಬೆನ್ನು ಹಾಕಿ ಕೂತರು.

"ಒಳಗೆ ಎಲ್ಲಾದರೂ ಇಡಮ್ಮ. ನನ್ನ ಕಣ್ಣಿಗೆ ಬೀಳೋದು ಬೇಡ."

ಆಗಷ್ಟೇ ಮಧ್ಯಾಹ್ನದ ಊಟ ಮುಗಿದಿತ್ತು. ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮನೆಯನ್ನು ನೋಡಿದರು, ಗಂಡನ ಬೆನ್ನನ್ನು ನೋಡಿದರು. ಏನೋ ನಿಶ್ಚಯ ಮಾಡಿದಂತೆ ಕೆಳಗೆ ಕೂತರು.

"ರೀ, ಇಲ್ಲಿ ತಿರುಗಿ."

"ಏನೇ?"

"ತಿರುಗಿ ಅಂದೆ."

ಮಾವ ತಿರುಗಿದರು. ಅತ್ತೆ ಮನೆಯನ್ನು ಪಕ್ಕಕ್ಕೆ ವಾಲಿಸಿ, ಅಡಿ ಹಲಗೆಯ ತೂತಿನೊಳಗೆ ಮೊಣಕೈವರೆಗೂ ಕೈ ತೂರಿಸಿ ಎಳೆದರು. ಬಟ್ಟೆ ಹರಿಯುವ ಸದ್ದಾಯಿತು. ಇನ್ನೂ ಎಳೆದರು. ಧಡ್ ಎಂದು ಜಗಲಿಯ ಮೇಲೆ ಬಿದ್ದದ್ದು ನಮ್ಮ ಕುಟ್ಟಾಣಿ.

"ಅತ್ತೆ" ಎಂದೆ ನಾನು. "ಇದು ನಾನು ನುಂಗಿದ್ದ ಕುಟ್ಟಾಣಿ ಅಲ್ವಾ?"

"ಸುಮ್ನಿರೇ ಸ್ವಲ್ಪ" ಎಂದರು, ನನ್ನ ಮುಖ ನೋಡದೆ.

ಕುಟ್ಟಾಣಿಯ ಕುತ್ತಿಗೆಗೆ ಬಟ್ಟೆಯ ಪಟ್ಟಿ ಬಿಗಿದಿತ್ತು. ಮಾವ ತೂತಿನೊಳಗೆ ಬಗ್ಗಿ ನೋಡಿದರು. ನಾಲ್ಕು ಮೂಲೆಗಳಿಂದಲೂ ಪಟ್ಟಿ ಎಳೆದು ನಡುವೆ ಕುಟ್ಟಾಣಿಗೆ ಕಟ್ಟಿತ್ತು. ಗೋಡೆಗಳ ಒಳಮೈಗೆಲ್ಲ ಹಿಟ್ಟಿನ ಅಂಟಿನಿಂದ ಬಟ್ಟೆ ಮೆತ್ತಿತ್ತು, ಅತ್ತೆ ತೂತಾದ ಬುಟ್ಟಿಗಳಿಗೆ ಮೆತ್ತುವ ಹಾಗೆ. ಬಟ್ಟೆಯ ತುಂಬ ಕೆಂಪು ಹೂವು. ಮೇಲಿನ ಮಂಚಕ್ಕೆಂದು ತಂದು, ಒಂದು ದಿನವೂ ಹಾಸದೆ ಪೆಟ್ಟಿಗೆಯಲ್ಲಿಟ್ಟಿದ್ದ ಹೊದಿಕೆ ಅದು. ಮಾವನಿಗೆ ಗುರುತು ಸಿಕ್ಕಿತು.

ಆಮೇಲೆ ಅವರು ಮಾಡಿದ ಕೆಲಸ ನೋಡಿ. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ತೂತಿನಲ್ಲಿ ಕೈ ಹಾಕಿ, ಕೈಗೆ ಸಿಕ್ಕಷ್ಟು ಬಟ್ಟೆಯನ್ನು ಒಂದೊಂದಾಗಿ ಕಿತ್ತು ಹೊರಗೆ ತೆಗೆದರು. ಮನೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು. ಹಲಗೆಯ ಎರಡೂ ತುದಿ ಹಿಡಿದು, ಉಸಿರು ಬಿಗಿಹಿಡಿದು, ನಡುಗಿಸಿದರು. ಮೇಲಿನ ಕೋಣೆ ಮೊದಲು ಕುಸಿಯಿತು, ಆಮೇಲೆ ಮೆಟ್ಟಿಲು, ಆಮೇಲೆ ಇಡೀ ಮನೆ. ಹೇಗೆ ಬೇಕೋ ಹಾಗೇ.

"ಬಿತ್ತು" ಎಂದರು ಮಾವ. ಮುಖವೆಲ್ಲ ಸುಣ್ಣದ ಧೂಳು, ಅದರ ನಡುವೆ ಬಾಯಿ ಕಿವಿಯವರೆಗೆ ಅಗಲವಾಯಿತು. "ನೋಡಿದ್ಯಾ ಹೇಗೆ ಬಿತ್ತು? ನನ್ನ ಕೈ ತಪ್ಪಿರಲಿಲ್ಲ. ನಾನು ಕಟ್ಟಿದ್ದು ಸರಿಯಾಗೇ ಇತ್ತು."

ಗೋಡೆ ಬಿದ್ದದ್ದಕ್ಕೆ ಅಷ್ಟು ಹಿಗ್ಗಿದ ಮೇಸ್ತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಣ್ಣಲ್ಲಿ ನೀರೂ ಇತ್ತು. ಧೂಳಿಗೆ ಎಂದು ಒರೆಸಿಕೊಂಡರು.

ಒರೆಸಿಕೊಂಡ ಮೇಲೆ ಕೇಳಿದರು, "ಯಾಕೆ ಮಾಡಿದೆ?"

ಅತ್ತೆ ಹರಿದ ಹೂವಿನ ಬಟ್ಟೆಯನ್ನು ಮಡಿಲಲ್ಲಿಟ್ಟು ಮಡಿಸುತ್ತಿದ್ದರು. "ನಾನು ಮನೆಯೊಳಗೆ ಏನು ಬೇಕಾದರೂ ಅಂತೀನಿ. ಹಾಗಂತ ಅಷ್ಟು ಜನರ ಎದುರು ನಿಮ್ಮ ಮನೆ ಬೀಳೋದನ್ನ ನೋಡ್ಕೊಂಡು ಕೂರಲಾ? ನನ್ನ ಕೈಲಾಗಲಿಲ್ಲ."

"ಅಂದ್ರೆ ಬಿದ್ದೇ ಬೀಳುತ್ತೆ ಅಂತ ನಂಬಿದ್ದೆ."

"ಹೂಂ."

"ಸರಿಯಾಗೇ ನಂಬಿದ್ದೆ" ಎಂದರು ಮಾವ, ಬಿರುದು ಸಿಕ್ಕವರ ಹಾಗೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು ಒಳಗೆ ಹೋದರು. ಕುಟ್ಟಾಣಿ ಸಿಕ್ಕಿತಲ್ಲ, ಇನ್ನು ಅದನ್ನು ಅದರ ಜಾಗದಲ್ಲಿ ಇಡೋಣ ಎಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರು ಕಂಕುಳಲ್ಲಿ ಹಾಸಿಗೆ ಸುರುಳಿ ಇಟ್ಟುಕೊಂಡು ಹೊರಗೆ ಬಂದರು. ಬಗ್ಗಿ, ನನ್ನ ಕೈಗೆ ಸಿಗುವ ಮೊದಲೇ ಕುಟ್ಟಾಣಿ ಎತ್ತಿಕೊಂಡರು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತೀಯೇ?" ಎಂದರು ಮಾವ.

"ಮೇಲಕ್ಕೆ. ಈ ಮನೆ ನಿಂತದ್ದು ಇದರಿಂದ ತಾನೇ? ಆ ಕೋಣೆಯೂ ನಿಲ್ಲುತ್ತೆ. ಬನ್ನಿ, ಹಾಸಿಗೆ ಹಿಡ್ಕೊಳ್ಳಿ."

ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಹಿಂದೆ ಮಾವ, ತಲೆಯ ಮೇಲೆ ಎರಡು ಹಾಸಿಗೆ ಹೊತ್ತು. ಮೇಲೆ ಕುಟ್ಟಾಣಿಯನ್ನು ಮೂಲೆಯಲ್ಲಿ ಇಟ್ಟ ಸದ್ದು ಕೇಳಿಸಿತು. ಆಮೇಲೆ ಗೋಡೆಗೆ ಟಕ್ ಟಕ್. ಬಳೆಯ ಸದ್ದೂ ಜೊತೆಗಿತ್ತು. ಹಾಗಾದರೆ ಬಡಿದವರು ಯಾರು ಎಂದು ನನ್ನ ಗಂಡನನ್ನು ಕೇಳಿದರೆ, ನಿನಗ್ಯಾಕೆ ಬಿಡು ಎಂದ.

ಆ ಕೋಣೆ ಇವತ್ತಿಗೂ ನಿಂತಿದೆ. ಮೆಟ್ಟಿಲಿನ ಕೂಗಾಟ ಅವತ್ತಿಗೆ ಮುಗಿಯಿತು. ಕಷ್ಟವಾದದ್ದು ನನಗೊಬ್ಬಳಿಗೇ. ಅತ್ತೆ ಕುಟ್ಟಾಣಿಯನ್ನು ಮತ್ತೆ ಕೆಳಗೆ ಕೊಡಲೇ ಇಲ್ಲ. ಒಂದು ಚಿಟಿಕೆ ಮೆಣಸು ಕುಟ್ಟಬೇಕಾದರೂ ನಾನು ಮೆಟ್ಟಿಲು ಹತ್ತಿ, ಜೋರಾಗಿ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಅವರಿಬ್ಬರ ನಗು ನಿಲ್ಲುವವರೆಗೂ ಹೊರಗೆ ಕಾದು ನಿಲ್ಲಬೇಕಾಗಿತ್ತು.